ಬಾಗಿಲ ಹಿಂದಿನ ದನಿ

ಟರ್ಕಿಯ ದಿಯಾರ್‌ಬಕಿರ್ ಕೋಟೆಯ ಪಕ್ಕದಲ್ಲಿ ಮಿನಿಬಸ್ಸಿಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದವರು ಬಿಳಿ ತಲೆವಸ್ತ್ರದ ಇಬ್ಬರು ಮುದುಕಿಯರು, ಅತ್ತಿಗೆ ಮತ್ತು ನಾದಿನಿ. ಅತ್ತಿಗೆಯ ಕೈಯಲ್ಲಿ ಹಳೆಯ ಕ್ಯಾಸೆಟ್ಟಿತ್ತು.

“ಹಳೇ ಹಾಡು ಕೂಡಿಡೋರು ಏನಂದ್ರು ಅತ್ತಿಗೆ?”

“ಕಂಪ್ಯೂಟರಿಗೆ ಇಳಿಸ್ಕೊಂಡ್ರು. ಕುರ್ದಿ ಹಾಡಿಗೆ ಜೈಲು ಅಂತಿದ್ದ ಕಾಲದ್ದು ಹೆಂಗೆ ಉಳೀತು ಅಂದ್ರು. ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದ್ದೆ ಅಂದೆ.”

“ನಮ್ಮಣ್ಣನ ದನಿ ಚೆನ್ನಾಗಿತ್ತಾ?”

“ಗುಡುಗು! ಆದ್ರೆ ನಡುನಡುವೆ ದೂರದಿಂದ ಒಂದು ಹೆಣ್ಣು ದನಿ ಬರುತ್ತಲ್ಲ, ಅದನ್ನ ಗಲಾಟೆ ಅಂತ ಒರೆಸೋಕೆ ಹೊರಟಿದ್ಲು ಅಲ್ಲಿನ ಕನ್ನಡಕದ ಹುಡುಗಿ.”

“ಅಯ್ಯೋ, ಬಿಟ್ರಾ?”

“ಬಿಡ್ತೀನಾ? ಆಗ ಗಂಡಸರ ಮುಂದೆ ಹೆಂಗಸು ಕೂತು ಹಾಡೋ ಹಾಗಿರಲಿಲ್ಲ ಕಣಮ್ಮ, ಬಾಗಿಲ ಹಿಂದೆ ನಿಂತು ಹಾಡಿದ್ದು ನಾನೇ ಅಂದೆ. ನಿಮ್ಮಣ್ಣ ಪದ ಮರೆತಾಗಲೆಲ್ಲ ನಾನೇ ಎತ್ತಿಕೊಡ್ತಿದ್ದೆ.”

“ನಮ್ಮಣ್ಣ ಮರೀತಿದ್ನಾ? ಸುಳ್ಳು!”

“ಮನೆಗೆ ಬಾ, ಕೇಳಿಸ್ತೀನಿ. ಈಗ ಊರಿಗೆಲ್ಲ ಕೇಳುತ್ತೆ.”

“ಹಾಡಿನ ಕೆಳಗೆ ಯಾರ ಹೆಸರು ಹಾಕಿದ್ರು?”

“ಮೊದಲು ಝರೀಫೆ ಅಂತ ನನ್ನ ಹೆಸರು, ಆಮೇಲೆ ನಿಮ್ಮಣ್ಣಂದು.”

ಬಸ್ಸು ಬಂತು. ನಾದಿನಿ ಮೆಟ್ಟಿಲ ಮೇಲೆ ತಿರುಗಿ ನಿಂತಳು.

“ಅಣ್ಣ ಇದ್ದಿದ್ರೆ ಒಪ್ಕೋತಿದ್ನಾ?”

“ಹೂಂ ಅನ್ನೋದನ್ನೂ ನಾನೇ ಎತ್ತಿಕೊಡ್ತಿದ್ದೆ. ಹತ್ತೇ, ಹಿಂದೆ ಜನ ಕಾಯ್ತಿದ್ದಾರೆ.”