ದುರ್ಗಕ್ಕನ ಬೋಟಿನ ಕರಿಹೊಗೆ

ಭಟ್ಕಳದ ಬಂದರು ರಸ್ತೆಯ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ನನ್ನ ಸರದಿಗಾಗಿ ಕೂತಿದ್ದೆ. ಮೆಕ್ಯಾನಿಕ್ ಗುರುದತ್ತ ಒಂದು ಮೀನುಗಾರಿಕೆ ಬೋಟಿನ ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಜಲ್ಲನ್ನು ಪರೀಕ್ಷಿಸುತ್ತಿದ್ದರು. ಅದನ್ನು ತಂದಿದ್ದ ಬೋಟಿನ ಒಡತಿ ದುರ್ಗಿ ಪಕ್ಕದಲ್ಲಿ ನಿಂತಿದ್ದರು.

"ನೋಡಿ ದುರ್ಗಕ್ಕ, ಡೀಸೆಲ್ ಮಂಜಿನ ಹಾಂಗೆ ಸಿಡೀಬೇಕು. ಇದು ದಪ್ಪ ಹನಿಯಾಗಿ ಬೀಳ್ತದೆ. ಪೂರಾ ಸುಡೂದಿಲ್ಲ, ಅದ್ಕೇ ಕರಿಹೊಗೆ."

"ಎಷ್ಟು ದಿನದಿಂದ ಹೀಂಗದೆ?" ದುರ್ಗಿ ಕೇಳಿದರು.

"ನಿಮ್ಮ ಯಜಮಾನ್ರು ಇದ್ದಾಗ್ಲೇ ಹೇಳಿದ್ದೆ. ಕೇಳ್ಲಿಲ್ಲ."

"ಆ ಹೊಗೆ ಕಂಡ್ರೆ ಇವರು ಬಂದ್ರು ಅಂತ ನಾನು ಅನ್ನಕ್ಕೆ ಇಡ್ತಿದ್ದೆ. ತೀರಿಕೊಂಡು ಎರಡು ವರ್ಷ ಆತು. ಈಗ ಬೋಟು ಓಡಿಸೂದು ಕೆಲಸದ ಹುಡುಗ ಮಾಸ್ತಿ. ಆದ್ರೂ ಸಂಜೆಗೆ ದಡಕ್ಕೆ ಹೋಗಿ ನಿಲ್ತೇನೆ. ಮನೇಲಿ ಒಬ್ಳೇ ಕೂತು ಎಂತ ಮಾಡೂದು?"

"ನಾಜಲ್ ಬದಲಿಸಿದ್ರೆ ಆ ಹೊಗೆ ಕಾಣೂದಿಲ್ಲ."

ದುರ್ಗಿ ಹಳೆಯ ನಾಜಲ್ಲನ್ನು ಕೈಗೆತ್ತಿಕೊಂಡರು.

"ಹಾಂಗೇ ಬಿಡೂಕೆ ಆಗೂದಿಲ್ವಾ?"

"ಬಿಡಬಹುದು. ಇಂಜಿನ್ ಹತ್ರ ಕೂರೂದು ಮಾಸ್ತಿ ಅಲ್ವಾ?"

"ಅವನಿಗೂ ಕೆಮ್ಮು ಸುರುವಾಗ್ಯದೆ. ಇವರಿಗೂ ಹಾಂಗೇ ಸುರುವಾಗಿತ್ತು," ಎಂದರು ದುರ್ಗಿ. "ಬದಲಿಸಿ ಕೊಡಿ."

ಗುರುದತ್ತ ಹೊಸ ನಾಜಲ್ಲನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ದುರ್ಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಂದರಿನ ಕಡೆ ನಡೆದರು.