ಕಾಂತುವಿಗೆ ಸಜ್ಜೆಯ ಎನರ್ಜಿ ಬಾರ್

ಬಸವನ ಬಾಗೇವಾಡಿ ನಿಲ್ದಾಣದಲ್ಲಿ ನನ್ನ ಪಕ್ಕ ಅಣ್ಣ-ತಮ್ಮಂದಿರ ಹೆಂಡತಿಯರಾದ ನೆಗೆಣ್ಣಿಯರಿಬ್ಬರು ಕೂತಿದ್ದರು. ಕಿರಿಯವಳ ಮಡಿಲಲ್ಲಿ ಡಬ್ಬಿಯಿತ್ತು.

“ಮತ್ತ ಬಾರ್ ಮಾಡೀಯೇನ, ಸುರೇಖಾ?”

“ಹೌದ್ರಿ ಅಕ್ಕಾರ. ಕಾಂತುಗ ಗೋಧಿ ಒಗ್ಗಂಗಿಲ್ಲಲ್ಲ. ಸಜ್ಜಿ, ಶೇಂಗಾ, ಖಜೂರ ಹಾಕೇನಿ.”

“ಅಂವ ನನ್ನ ಮಗ. ವಿಜಯಪುರದ ಹಾಸ್ಟೆಲಿನಿಂದ ಫೋನ್ ಮಾಡಿದ್ರ ಚಿಗವ್ವನ ಬಾರ್ ಬೇಕಂತಾನ. ನಾ ಮಾಡಿದ್ದು ಮುಟ್ಟಂಗಿಲ್ಲ.”

“ನಿಮ್ಮವು ಉದುರತಾವಂತ್ರಿ. ಬೆಲ್ಲದ ಪಾಕ ಗಟ್ಟಿ ಬರಬೇಕು.”

“ಮೊದಲ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲರಿ.”

ಹಿರಿಯವಳು ಡಬ್ಬಿಯ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿದಳು.

“ಇವತ್ತೊಂದಿನ ಅವ್ವ ಮಾಡ್ಯಾಳ ಅಂತ ಕಾಂತುಗ ಹೇಳ್ಲೇನ?”

ಸುರೇಖಾ ಡಬ್ಬಿಯನ್ನು ಅವಳ ಕೈಗಿಟ್ಟಳು.

“ಹೇಳ್ರಿ. ನಿಮ್ಮನ್ನ ಅವ್ವ ಅನ್ನಾಕ ಅಂವ ಅದಾನ. ನನಗ ಯಾರದಾರ?”

ವಿಜಯಪುರದ ಬಸ್ ಬಂತು. ಹಿರಿಯವಳು ಡಬ್ಬಿಯನ್ನು ಎದೆಗೊತ್ತಿಕೊಂಡೇ ಹತ್ತಿದಳು. ಸುರೇಖಾ ಬರಿಗೈಯಲ್ಲಿ ಹಿಂದೆ ಹೋದಳು.