ಸೊಟ್ಟ ಹೊಲಿಗೆ

ಡೆಟ್ರಾಯಿಟ್‌ನ ಮಾಂಸದಂಗಡಿ ಮುಂದೆ, ಕೊರೊನಾ ಕಾಲದ ಸಾಲು. ಮಾಸ್ಕು ಹಾಕಿಕೊಂಡು ಗುಟ್ಟು ಮಾತಾಡೋಕಾಗುತ್ತದೆಯೇ? ಮುಂದಿದ್ದ ಅಜ್ಜಿ, ಮೊಮ್ಮಗಳು ಕೂಗಿ ಆಡಿದ್ದೆಲ್ಲ ಹಿಂದೆ ನಿಂತಿದ್ದ ವರ್ನನ್‌ನ ಕಿವಿಗೆ ಬಿತ್ತು.

“ಮತ್ತೆ ಹಂದಿಕಾಲಾ, ಇಮಾನಿ? ಹೋದ ವಾರ ನನ್ನ ಹಲ್ಲಿಗೆ ದಾರ ಸಿಕ್ತು!”

“ಅದು ಗಾಯಕ್ಕೆ ಹೊಲಿಗೆ ಹಾಕೋದು ಕಲಿಯೋಕೆ ಇಟ್ಟಿದ್ದು, ಅಜ್ಜಿ. ನೀನ್ಯಾಕೆ ಬೇಯಿಸ್ದೆ?”

“ದೊಡ್ಡಾಸ್ಪತ್ರೇಲಿ ಒಂದು ತಿಂಗಳಿದ್ದು ಕೈಚಳಕ ತೋರಿಸ್ತೀನಿ ಅಂದಿದ್ಯಲ್ಲ, ಅದೇನಾಯ್ತು?”

“ಹೊರಗಿನ ಮೆಡಿಕಲ್ ವಿದ್ಯಾರ್ಥಿಗಳಿಗೆ ಈ ವರ್ಷ ಬಾಗಿಲು ಹಾಕಿದ್ದಾರೆ. ಸರ್ಜರಿ ಸೀಟಿಗೆ ವೀಡಿಯೋದಲ್ಲೇ ಸಂದರ್ಶನ. ಬರೀ ಮುಖ ನೋಡ್ತಾರೆ.”

“ನಿನ್ನೆ ಏನು ಕೇಳಿದ್ರು?”

“ಹಿಂದೆ ಗೋಡೆ ಮೇಲಿರೋ ಕೌದಿ ಯಾರು ಹೊಲಿದಿದ್ದು ಅಂತ. ನಮ್ಮಜ್ಜಿ ಅಂದೆ.”

“ಅಯ್ಯೋ ದಡ್ಡಿ! ಸರ್ಜನ್ ಆಗೋಳು ನಾನಾ?”

“ಮೂಲೆಯ ಸೊಟ್ಟ ಹೊಲಿಗೆ ಮಾತ್ರ ನಂದು, ಏಳು ವರ್ಷದವಳಿದ್ದಾಗ ಹಾಕಿದ್ದು ಅಂದೆ. ಹತ್ತಿರ ಹಿಡಿ, ನೋಡೋಣ ಅಂದ್ರು ದೊಡ್ಡ ಡಾಕ್ಟ್ರು.”

“ನೋಡಿ ಏನಂದ್ರು?”

“ಸೊಟ್ಟಗಿದೆ, ಆದ್ರೆ ಇಷ್ಟು ವರ್ಷವಾದ್ರೂ ಬಿಚ್ಚಿಹೋಗಿಲ್ಲ, ಭೇಷ್ ಅಂದ್ರು!”

ಅಷ್ಟರಲ್ಲಿ ಸರದಿ ಬಂತು. ಇಮಾನಿ ಕುಣಿಯುತ್ತಾ ಒಳಗೆ ಹೋದಳು. ಅಜ್ಜಿ ಮೆಲ್ಲಗೆ ವರ್ನನ್ ಕಡೆ ತಿರುಗಿದಳು.

“ಆ ಹೊಲಿಗೆ ಮೂರು ಸಲ ಬಿಚ್ಚಿಹೋಗಿತ್ತು ಕಣಪ್ಪ. ಮೂರು ಸಲವೂ ಅವಳ ಥರಾನೇ ಹೊಲಿದೆ. ಬೇಕಂತ ಸೊಟ್ಟಗೆ ಹೊಲಿಯೋದು ಎಷ್ಟು ಕಷ್ಟ ಗೊತ್ತೇನು?”

“ಅಜ್ಜೀ, ಎಷ್ಟು ಕಾಲು ಬೇಕು?” ಒಳಗಿಂದ ಕೂಗು ಬಂತು.

“ಬಂದೆ, ಡಾಕ್ಟ್ರೇ!” ಎನ್ನುತ್ತಾ ಅಜ್ಜಿ ಒಳನಡೆದಳು.